ಜೇಡ ದೂರ ಇಡಲು ಯಾವ ಎಣ್ಣೆ? ಪುದೀನ, ನೀಲಗಿರಿ, ಲವಂಗ, ಕರ್ಪೂರ: ನಿಮ್ಮ ಮನೆಗೆ ಯಾವುದು ಸರಿ

ಮಳೆ ನಿಂತು ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಉದ್ದ ಕೋಲಿಗೆ ಪೊರಕೆ ಕಟ್ಟುವ ಕೆಲಸ ಶುರು. ಸೂರಿನ ಇಲ್ಲಣ, ಮೂಲೆಯ ಬಲೆ ಎಲ್ಲ ತೆಗೆದು, ಗೋಡೆ ಒರೆಸಿ ಮುಗಿಯಿತು ಅಂದುಕೊಳ್ಳುತ್ತೇವೆ. ಹದಿನೈದು ದಿನಕ್ಕೆ ಬಾತ್‌ರೂಮಿನ ಅದೇ ಮೂಲೆಯಲ್ಲಿ ಮತ್ತೆ ಬಲೆ.

ಕಳೆದ ವರ್ಷ ಆ ಹೊತ್ತಿಗೆ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಬೆಂಗಳೂರಿನ ಫ್ಲಾಟಿನಲ್ಲಿರುವ ತಂಗಿ, ಅವಳ ಮಗುವಿಗೆ ಆಗ ಹನ್ನೊಂದು ತಿಂಗಳು. ಮೈಸೂರಿನ ಗೆಳತಿ, ಅವಳ ಮನೆಯಲ್ಲಿ ಎರಡು ಬೆಕ್ಕು. ಮತ್ತೆ ನಮ್ಮಮ್ಮ, ತೀರ್ಥಹಳ್ಳಿ ಹತ್ತಿರ ಹಂಚಿನ ಮನೆಯಲ್ಲಿ ಇರುವವರು. "ಪೆಪ್ಪರ್‌ಮಿಂಟ್ ಎಣ್ಣೆ ಹಾಕಿದರೆ ಜೇಡ ಬರಲ್ವಂತೆ, ಹೌದಾ? ನೀಲಗಿರಿ ಎಣ್ಣೆ ಮನೆಯಲ್ಲೇ ಇದೆ, ಅದು ಸಾಕಾ?" ಪ್ರಶ್ನೆ ಒಂದೇ ಆದರೂ ಮೂವರಿಗೂ ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅಂಗಡಿಗೆ ಹೋಗುವ ಮುಂಚೆ ಏನೇನು ನೋಡಬೇಕು

ಮೊದಲನೆಯದು, ಮನೆಯಲ್ಲಿ ಯಾರಿದ್ದಾರೆ. ಎಣ್ಣೆಯ ಗುಣಕ್ಕಿಂತ ಇದು ಮುಖ್ಯ. ಅಂಬೆಗಾಲಿಡುವ ಮಗು, ಬೆಕ್ಕು, ಅಸ್ತಮಾ ಇರುವವರು, ಫಿಟ್ಸ್ ಬರುವವರು, ಪಂಜರದ ಹಕ್ಕಿ, ಮೀನಿನ ತೊಟ್ಟಿ. ಇವುಗಳಲ್ಲಿ ಒಂದಿದ್ದರೂ ಆಯ್ಕೆ ಬದಲಾಗುತ್ತದೆ. ನೈಸರ್ಗಿಕ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ಒಂದು ಸಣ್ಣ ಬಾಟಲಿ ಎಣ್ಣೆ ಅಂದರೆ ಒಂದು ಮೂಟೆ ಸೊಪ್ಪಿನ ಸಾರ ಅದರೊಳಗೆ ಇರುತ್ತದೆ.

ಎರಡನೆಯದು, ಆ ಎಣ್ಣೆಯನ್ನು ಜೇಡದ ಮೇಲೆ ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಸೊಳ್ಳೆ, ಇರುವೆ ಓಡಿಸುವುದೆಲ್ಲ ಜೇಡವನ್ನೂ ಓಡಿಸುತ್ತದೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. ಜೇಡ ಕೀಟವೇ ಅಲ್ಲ. ಅದಕ್ಕೆ ಮೂಗೂ ಇಲ್ಲ, ಇರುವೆಯ ಹಾಗೆ ಮೀಸೆಯೂ ಇಲ್ಲ. ಕಾಲಿನ ಮೇಲಿನ ಸಣ್ಣ ಕೂದಲುಗಳಿಂದಲೇ ಅದು ರುಚಿ, ವಾಸನೆ ತಿಳಿದುಕೊಳ್ಳುತ್ತದೆ.

ಉಳಿದವು ಮನೆವಾರ್ತೆಯ ಲೆಕ್ಕ. ವಾಸನೆ ಎಷ್ಟು ದಿನ ನಿಲ್ಲುತ್ತದೆ, ಗೋಡೆಗೆ ಕಲೆ ಬೀಳುತ್ತದಾ, ತಿಂಗಳಿಗೆ ಎಷ್ಟು ಖರ್ಚು. ಬಾಟಲಿಯ ಬೆಲೆ ನೋಡಬೇಡಿ, ತಿಂಗಳ ಲೆಕ್ಕ ಹಾಕಿ.

ಯಾವ ಜೇಡ ಅಂತ ನೋಡಿ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ. ಬಾಗಿಲ ಹಿಂದೆ, ಸಿಂಕಿನ ಕೆಳಗೆ, ಬಾತ್‌ರೂಮಿನ ಮೂಲೆಯಲ್ಲಿ ನೂಲಿನಂಥ ಕಾಲು ಚಾಚಿ ತಲೆಕೆಳಗಾಗಿ ನೇತಾಡುವುದು ಉದ್ದಕಾಲಿನ ಜೇಡ. ದೂಳು ಹಿಡಿದ ಬಲೆಗಳೆಲ್ಲ ಹೆಚ್ಚಾಗಿ ಇದರವೇ. ಇದರಲ್ಲಿ ಕ್ರಾಸೊಪ್ರೈಜಾ ಎಂಬ ಜಾತಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆ ಅನ್ನುವುದನ್ನು ಥಾಯ್ಲೆಂಡಿನಲ್ಲಿ ಅಭ್ಯಾಸ ಮಾಡಿ ನೋಡಿದ್ದಾರೆ. ಎರಡನೆಯದು ಅಂಗೈ ಅಗಲದ ಚಪ್ಪಟೆ ಕಂದು ಜೇಡ. ರಾತ್ರಿ ಲೈಟ್ ಹಾಕಿದರೆ ಗೋಡೆ ಮೇಲೆ ಸರಕ್ಕನೆ ಓಡುತ್ತದಲ್ಲ, ಅದು. ಬಲೆ ಕಟ್ಟುವುದಿಲ್ಲ, ಜಿರಲೆ ಹಿಡಿಯುತ್ತದೆ. ಮೂರನೆಯದು ಕಿಟಕಿ ಹತ್ತಿರ ಜಿಗಿಯುತ್ತಾ ನೊಣ ಹಿಡಿಯುವ ಪುಟ್ಟ ಜೇಡ. ಇದನ್ನಂತೂ ಓಡಿಸಲೇಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬಲೆಯಿಲ್ಲ, ಗಲೀಜಿಲ್ಲ, ಯಾರಿಗೂ ತೊಂದರೆಯಿಲ್ಲ.

ಮೈಮೇಲೆ ಜೇಡ ಹರಿದರೆ ಗುಳ್ಳೆ ಏಳುತ್ತದೆ ಎಂದು ಎಣ್ಣೆ ಹುಡುಕುವವರೂ ಇದ್ದಾರೆ. ಬೆಳಿಗ್ಗೆ ಎದ್ದಾಗ ಕುತ್ತಿಗೆಯಲ್ಲಿ ಗೆರೆ ಎಳೆದ ಹಾಗೆ ಉರಿ, ಗುಳ್ಳೆ ಇದ್ದರೆ ಅದು ಬಹಳ ಸಲ ಪೆಡೆರಸ್ ಎಂಬ ಕಪ್ಪು-ಕಿತ್ತಳೆ ಬಣ್ಣದ ಸಣ್ಣ ಹುಳುವಿನ ಕೆಲಸ. ಮಳೆಗಾಲದಲ್ಲಿ ದೀಪಕ್ಕೆ ಬಂದು ಮೈಮೇಲೆ ಕೂರುತ್ತದೆ, ನಿದ್ದೆಯಲ್ಲಿ ಉಜ್ಜಿದರೆ ಅದರ ರಸ ಚರ್ಮ ಸುಡುತ್ತದೆ. ಬೈಸಿಕೊಳ್ಳುವುದು ಜೇಡ. ನಿಮ್ಮ ತೊಂದರೆ ಇದಾದರೆ ಎಣ್ಣೆ ಬೇಡ, ಕಿಟಕಿಗೆ ಮೆಶ್ ಹಾಕಿಸಿ.

ಪುದೀನ ಎಣ್ಣೆ

ಪುದೀನ ಎಣ್ಣೆ ಅಂತ ಇಲ್ಲಿ ಹೇಳುತ್ತಿರುವುದು ಪೆಪ್ಪರ್‌ಮಿಂಟ್ ಎಣ್ಣೆಯನ್ನೇ. ಜೇಡದ ವಿಷಯದಲ್ಲಿ ಪುರಾವೆ ಅಂತ ತೋರಿಸಲು ಏನಾದರೂ ಇರುವುದು ಇದಕ್ಕೆ. 2018ರಲ್ಲಿ ಜರ್ನಲ್ ಆಫ್ ಎಕನಾಮಿಕ್ ಎಂಟಮಾಲಜಿ ಎಂಬ ಪತ್ರಿಕೆಯಲ್ಲಿ ಆಂಡ್ರಿಯಾಸ್ ಫಿಷರ್ ಮತ್ತು ಜೊತೆಗಾರರ ಅಧ್ಯಯನ ಬಂತು. ಜನ ಹೇಳುವ ಮೂರು ಮನೆಮದ್ದನ್ನು ಅವರು ಪರೀಕ್ಷಿಸಿದರು: ಪುದೀನ ಎಣ್ಣೆ, ನಿಂಬೆ ಎಣ್ಣೆ, ಚೆಸ್ಟ್‌ನಟ್ ಕಾಯಿ. ಮೂರು ಜಾತಿಯ ಹೆಣ್ಣು ಜೇಡಗಳ ಮುಂದೆ ಎರಡೆರಡು ಜಾಗ ಇಟ್ಟರು. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಏನಿಲ್ಲ. ಎರಡು ಜಾತಿಯ ಜೇಡಗಳಲ್ಲಿ ಹೆಚ್ಚಿನವು ಪುದೀನ ಎಣ್ಣೆ ಇರುವ ಕಡೆ ಹೋಗಲಿಲ್ಲ. ಮೂರನೇ ಜಾತಿ ಅದನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಂಬೆ ಎಣ್ಣೆಗೆ ಮೂರೂ ಕ್ಯಾರೆ ಅನ್ನಲಿಲ್ಲ.

ಆ ಮೂರರಲ್ಲಿ ನಮ್ಮ ಬಾತ್‌ರೂಮಿನ ಉದ್ದಕಾಲಿನ ಜೇಡ ಇರಲಿಲ್ಲ. ಹಾಗಾಗಿ ಮನೆಯಲ್ಲೇ ನೋಡಿದೆ. ಶಿವಮೊಗ್ಗದ ನಮ್ಮ ಮನೆಯ ಬಾತ್‌ರೂಮ್ ಬಾಗಿಲ ಹಿಂದೆ ಒಂದಿತ್ತು. ಹೆಣ್ಣು. ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಗೊಂಚಲನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ಈ ಜೇಡ ಮೊಟ್ಟೆಯನ್ನು ಎಲ್ಲೂ ಇಡುವುದಿಲ್ಲ, ಮರಿಯಾಗುವ ತನಕ ಬಾಯಲ್ಲೇ ಹೊತ್ತಿರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ಗೇಣು ದೂರದಲ್ಲಿ ಹಿಡಿದೆ. ಏನೂ ಇಲ್ಲ. ಎರಡು ಬೆರಳಷ್ಟು ಹತ್ತಿರ ತಂದೆ. ಇಡೀ ಬಲೆ ಗಿರಗಿರ ಅಲುಗಿತು, ಜೇಡ ಕಣ್ಣಿಗೆ ಕಾಣದಷ್ಟು ಜೋರಾಗಿ. ಅಲುಗಾಟ ನಿಂತ ಮೇಲೆ ಮುಂಗಾಲು ಒಳಗೆ ಎಳೆದುಕೊಂಡು, ಮೊಟ್ಟೆ ಬಿಡದೆ, ಮೆಲ್ಲಗೆ ಬಲೆಯ ಆಚೆ ತುದಿಗೆ ಹೋಯಿತು. ಅಷ್ಟೇ. ಬಲೆ ಬಿಡಲಿಲ್ಲ. ಹತ್ತಿಕಡ್ಡಿಯನ್ನು ಅಲ್ಲೇ ಸಿಕ್ಕಿಸಿದ್ದೆ. ಮೂರನೇ ದಿನ ವಾಸನೆ ಆರಿದಾಗ ಅದು ಮೊದಲಿನ ಜಾಗಕ್ಕೇ ವಾಪಸ್ ಬಂದಿತ್ತು.

ಇದರಿಂದ ನನಗೆ ಅರ್ಥವಾದದ್ದು ಇಷ್ಟು. ಮನೆ ಮಾಡಿಕೊಂಡ ಜೇಡವನ್ನು ಎಣ್ಣೆ ಎಬ್ಬಿಸುವುದಿಲ್ಲ. ಅದಕ್ಕೆ ಪೊರಕೆಯೇ ಬೇಕು. ಬಲೆ ತೆಗೆದ ಮೇಲೆ, ಹೊಸದಾಗಿ ಬರುವ ಜೇಡ ಆ ಸಂದಿ ಬಿಟ್ಟು ಬೇರೆ ಕಡೆ ಹೋಗುವ ಹಾಗೆ ಮಾಡಲು ಎಣ್ಣೆ ಸ್ವಲ್ಪ ಸಹಾಯ ಮಾಡಬಹುದು. ಅದೂ ವಾಸನೆ ಇರುವ ತನಕ, ಅಂದರೆ ಮೂರು-ನಾಲ್ಕು ದಿನ, ಬಹಳ ಆದರೆ ಒಂದು ವಾರ.

ಕೊಳ್ಳುವಾಗ ಲೇಬಲ್ ಓದಿ. ಮೆಂಥಾ ಪೈಪೆರಿಟಾ ಅಂತ ಇದ್ದರೆ ಪೆಪ್ಪರ್‌ಮಿಂಟ್. ಮೆಂಥಾ ಆರ್ವೆನ್ಸಿಸ್ ಅಂತ ಇದ್ದರೆ ಉತ್ತರ ಪ್ರದೇಶದ ಬಾರಾಬಂಕಿ ಕಡೆ ಹೊಲಗಟ್ಟಲೆ ಬೆಳೆಯುವ ಮೆಂಥಾ. ಬೆಲೆ ಕಮ್ಮಿ, ಮೆಂಥಾಲ್ ಇನ್ನೂ ಜಾಸ್ತಿ, ಘಾಟೂ ಜಾಸ್ತಿ. ಬರೀ "ಪೆಪ್ಪರ್‌ಮಿಂಟ್ ಪರಿಮಳ" ಅಂತ ಬರೆದಿದ್ದರೆ ಬಿಟ್ಟುಬಿಡಿ, ಅದು ಸೆಂಟು.

ಖರ್ಚಿನ ಲೆಕ್ಕ: 15 ಮಿಲಿ ಬಾಟಲಿಗೆ ಇನ್ನೂರರಿಂದ ಮುನ್ನೂರು ರೂಪಾಯಿ ಅಂದುಕೊಳ್ಳಿ. ಒಂದು ಮಿಲಿಗೆ ಸುಮಾರು 20 ಹನಿ. ಕಾಲು ಲೀಟರ್ ನೀರಿಗೆ 20 ಹನಿ ಹಾಕಿದರೆ ಒಂದು ಬಾಟಲಿಯಲ್ಲಿ 15 ಸಲ ಸ್ಪ್ರೇ ತುಂಬಿಸಬಹುದು. ವಾರಕ್ಕೆ ಒಂದು ಸಲ ಅಂದರೆ ತಿಂಗಳಿಗೆ ಎಂಬತ್ತು ರೂಪಾಯಿ ದಾಟುವುದಿಲ್ಲ.

ನೀಲಗಿರಿ ಎಣ್ಣೆ

ಊಟಿಗೆ ಹೋದವರೆಲ್ಲ ಒಂದು ಬಾಟಲಿ ತರುತ್ತಾರೆ. ಶೀತಕ್ಕೆ, ತಲೆನೋವಿಗೆ, ನೆಲ ಒರೆಸುವ ನೀರಿಗೆ, ಎಲ್ಲಕ್ಕೂ ಅದೇ. ಅಷ್ಟು ಬಳಕೆ ಆಗಿರುವುದರಿಂದಲೇ ಅದನ್ನು ನಾವು ಅಪಾಯದ ವಸ್ತು ಅಂತ ನೋಡುವುದಿಲ್ಲ. ಈ ಪಟ್ಟಿಯಲ್ಲಿ ನನಗೆ ಹೆಚ್ಚು ಹೆದರಿಕೆ ಇರುವುದು ಇದರ ಬಗ್ಗೆ, ಮತ್ತೆ ಕರ್ಪೂರದ ಬಗ್ಗೆ.

ಚಿಕ್ಕ ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ದೊಡ್ಡವರಿಗೂ ಪೂರ್ತಿ ನಿಶ್ಚಿಂತೆಯಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಬೇರೆ ಆಸ್ಪತ್ರೆಗಳ ವೈದ್ಯರ ಜೊತೆ ಸೇರಿ ಫಿಟ್ಸ್ ಬಂದವರನ್ನು ಕೂಲಂಕಷವಾಗಿ ವಿಚಾರಿಸಿದರು. ಕೆಲವರಲ್ಲಿ ಫಿಟ್ಸಿಗೂ ನೀಲಗಿರಿ, ಕರ್ಪೂರ ಇರುವ ಎಣ್ಣೆ, ಬಾಮುಗಳಿಗೂ ನಂಟು ಕಂಡಿತು. ಕುಡಿದವರಲ್ಲಷ್ಟೇ ಅಲ್ಲ, ಹಚ್ಚಿಕೊಂಡವರಲ್ಲಿ, ಮೂಸಿದವರಲ್ಲೂ. ಮನೆಯಲ್ಲಿ ಫಿಟ್ಸ್ ಇರುವವರಿದ್ದರೆ ಈ ಎರಡನ್ನೂ ಜೇಡಕ್ಕಾಗಿ ತರಲೇಬೇಡಿ. ಪುದೀನ ಎಣ್ಣೆಯನ್ನೂ ಡಾಕ್ಟರನ್ನು ಕೇಳಿಯೇ ಬಳಸಿ.

ಜೇಡಕ್ಕೆ ಇದು ಎಷ್ಟು ನಾಟುತ್ತದೆ? ಪುದೀನ ಎಣ್ಣೆಗೆ ಸಿಕ್ಕಂಥ ಪುರಾವೆಯನ್ನು ಇದಕ್ಕೆ ತೋರಿಸಲಾರೆ. ಬೆಲೆ ಕಮ್ಮಿ ಅನ್ನುವುದು ನಿಜ. ದೊಡ್ಡವರೇ ಇರುವ ಮನೆ, ಬಾಟಲಿ ಈಗಾಗಲೇ ಇದೆ, ಹೊಸದಕ್ಕೆ ದುಡ್ಡು ಹಾಕಲು ಇಷ್ಟವಿಲ್ಲ ಅಂದರೆ ಹೊರಗಿನ ಕಿಟಕಿ ಚೌಕಟ್ಟಿಗೆ ಒರೆಸಿ ನೋಡಿ. ಮಲಗುವ ಕೋಣೆಗೆ ಬೇಡ.

ಕರ್ಪೂರ, ಲವಂಗ, ಮಜ್ಜಿಗೆ ಹುಲ್ಲು, ಬೇವು

ಕರ್ಪೂರದ ಬಿಲ್ಲೆಯನ್ನು ಮೂಲೆಯಲ್ಲಿ ಇಡುವ ರೂಢಿ ಇದೆ. ಪೂಜೆಗೆ ಸಿಗುವ ಕರ್ಪೂರದಲ್ಲಿ ಹೆಚ್ಚಿನದು ಮರದಿಂದ ಬಂದದ್ದಲ್ಲ, ಟರ್ಪಂಟೈನಿನಿಂದ ಕಾರ್ಖಾನೆಯಲ್ಲಿ ಮಾಡಿದ್ದು. ಹಾಗಾಗಿ ನೈಸರ್ಗಿಕ ಅನ್ನುವ ಮಾತು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಬಿಳಿ ಬಿಲ್ಲೆ, ಮಗುವಿನ ಕಣ್ಣಿಗೆ ಥೇಟ್ ಪೆಪ್ಪರ್‌ಮಿಂಟ್ ಮಿಠಾಯಿ. ನೆಲದ ಮಟ್ಟದಲ್ಲಿ, ಮೂಲೆಯಲ್ಲಿ, ಮಗುವಿನ ಕೈಗೆ ಸಿಗುವ ಜಾಗದಲ್ಲೇ ಅದನ್ನು ಇಡುತ್ತೇವೆ ಅಲ್ವಾ? ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಲವಂಗದ ಎಣ್ಣೆ ಘಾಟು, ದುಬಾರಿ. ಕೈಗೆ ತಾಗಿದರೆ ಉರಿ. ಥರ್ಮಾಕೋಲ್, ಕೆಲವು ಪ್ಲಾಸ್ಟಿಕ್, ಪಾಲಿಶ್ ಮಾಡಿದ ಮರ ಇದಕ್ಕೆ ಹಾಳಾಗುತ್ತವೆ. ಹಲ್ಲುನೋವಿಗೆ ಅಂತ ತಂದದ್ದು ಅಲ್ಲಿಗೇ ಇರಲಿ.

ಮಜ್ಜಿಗೆ ಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎರಡೂ ಸೊಳ್ಳೆಯ ಕತೆಯಲ್ಲಿ ಹೆಸರು ಮಾಡಿದವು. ವಾಸನೆ ಚೆನ್ನಾಗಿದೆ, ನೆಲ ಒರೆಸಿದರೆ ಮನೆ ಹಿತವಾಗಿರುತ್ತದೆ. ಅದೇ ಹತ್ತಿಕಡ್ಡಿ ಪರೀಕ್ಷೆಯಲ್ಲಿ ನಮ್ಮ ಬಾಗಿಲ ಹಿಂದಿನ ಜೇಡ ಇದಕ್ಕೆ ಅಲುಗಾಡಲೂ ಇಲ್ಲ. ನಿಂಬೆ ಸಿಪ್ಪೆ ಇಡುವವರು ಅದನ್ನು ಬಿಟ್ಟುಬಿಡಿ. ಜೇಡ ಹೋಗುವುದಿಲ್ಲ, ಗುಂಗುರು ಬರುತ್ತದೆ. ಗುಂಗುರು ಬಂದರೆ ಜೇಡಕ್ಕೆ ಊಟ.

ಬೇವಿನ ಎಣ್ಣೆ ಈ ಸಾಲಿಗೆ ಸೇರಿದ್ದೇ ಅಲ್ಲ. ಪುದೀನ, ನೀಲಗಿರಿ ಗಾಳಿಗೆ ಆರುವ ಎಣ್ಣೆಗಳು. ಬೇವು ಅಡುಗೆ ಎಣ್ಣೆಯ ಹಾಗೆ ಜಿಡ್ಡು, ಆರುವುದಿಲ್ಲ. ಗಿಡ ತಿನ್ನುವ ಹುಳುವಿಗೆ ಅದು ಸರಿ, ಎಲೆಯ ಜೊತೆ ಎಣ್ಣೆಯೂ ಅದರ ಹೊಟ್ಟೆಗೆ ಹೋಗುತ್ತದೆ. ಜೇಡ ಗೋಡೆಯನ್ನು ತಿನ್ನುವುದಿಲ್ಲ. ಹಿಂದಿನ ಬಾಡಿಗೆ ಮನೆಯಲ್ಲಿ ನಾನು ಬೇವಿನ ಎಣ್ಣೆಯನ್ನು ಡಿಸ್ಟೆಂಪರ್ ಗೋಡೆಗೆ ಹಚ್ಚಿ, ಅಂಗೈ ಅಗಲದ ಹಳದಿ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮನೆ ಬಿಡುವಾಗ ಆ ಗೋಡೆಯ ಪೇಂಟಿನ ದುಡ್ಡು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಬಾಡಿಗೆ ಮನೆಯವರು ಯಾವ ಎಣ್ಣೆಯನ್ನಾದರೂ ಗೋಡೆಗೆ ನೇರವಾಗಿ ತಾಗಿಸಬೇಡಿ.

ಬೆಕ್ಕಿರುವ ಮನೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಈ ಎಣ್ಣೆಗಳಲ್ಲಿರುವ ಅಂಶಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಮ್ಮಿ. ನೆಲದ ಮೇಲೆ ಬಿದ್ದ ಹನಿ ಪಾದಕ್ಕೆ ಅಂಟುತ್ತದೆ, ಬೆಕ್ಕು ದಿನವಿಡೀ ಪಾದ ನೆಕ್ಕುತ್ತದೆ. ಟೀ ಟ್ರೀ, ಪುದೀನ, ಲವಂಗ, ನೀಲಗಿರಿ, ನಿಂಬೆ ಜಾತಿಯ ಎಣ್ಣೆಗಳು ಎಲ್ಲವೂ ಅದಕ್ಕೆ ಅಪಾಯ. ಜೊಲ್ಲು ಸುರಿಸುವುದು, ತೂರಾಡುವುದು, ಮಂಕಾಗುವುದು ಕಂಡರೆ ಕಾಯದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗೆಳತಿಗೆ ನಾನು ಹೇಳಿದ್ದು, ಮನೆಯೊಳಗೆ ಯಾವ ಎಣ್ಣೆಯೂ ಬೇಡ. ಎಣ್ಣೆಯ ವಾಸನೆಯನ್ನು ಗಾಳಿಗೆ ಬಿಡುವ ಡಿಫ್ಯೂಸರ್ ಕೂಡ ಬೇಡ. ಡಿಫ್ಯೂಸರಿನಿಂದ ಕೋಣೆಯೆಲ್ಲ ವಾಸನೆ ತುಂಬುತ್ತದೆ, ಸಂದಿಯಲ್ಲಿರುವ ಜೇಡಕ್ಕೆ ತಲುಪುವುದು ಅತ್ಯಲ್ಪ, ಬೆಕ್ಕಿಗೂ ಕೂಸಿಗೂ ತಲುಪುವುದೇ ಜಾಸ್ತಿ.

ಎಣ್ಣೆ ಇಲ್ಲದ ದಾರಿ

ಹೋಲಿಕೆಗೆ ಇದನ್ನೂ ತಕ್ಕಡಿಯಲ್ಲಿ ಇಡಲೇಬೇಕು, ಯಾಕೆಂದರೆ ಹೆಚ್ಚಿನ ಮನೆಗಳಿಗೆ ಇದೇ ತೂಕ. ಜೇಡ ಬರುವುದು ಊಟ ಇರುವ ಕಡೆಗೆ. ಬಾಗಿಲ ಮೇಲೆ ರಾತ್ರಿಯಿಡೀ ಬಿಳಿ ಟ್ಯೂಬ್‌ಲೈಟ್ ಉರಿದರೆ ಹುಳು ಮುತ್ತುತ್ತವೆ, ಮರುವಾರ ಅಲ್ಲೇ ಬಲೆ. ಅದನ್ನು ಹಳದಿ ಎಲ್‌ಇಡಿಗೆ ಬದಲಾಯಿಸಿ, ಮಲಗುವಾಗ ಆರಿಸಿ. ವೆಂಟಿಲೇಟರಿಗೆ ಮೆಶ್, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ಇವು ಒಂದು ಸಲದ ಖರ್ಚು, ವರ್ಷಗಟ್ಟಲೆ ಇರುತ್ತವೆ. ಪೊರಕೆ ವಾರಕ್ಕೊಮ್ಮೆ ಆಡಿಸಿದರೆ ಸಾಕು. ಮತ್ತೆ ಮತ್ತೆ ಬಲೆ ಕಳೆದುಕೊಂಡ ಜೇಡ ಜಾಗ ಬದಲಾಯಿಸುತ್ತದೆ. ಬಲೆ ತೆಗೆಯುವಾಗ ಬಿಳಿ ಹತ್ತಿಯ ಗುಂಡಿನಂಥ ಮೊಟ್ಟೆಚೀಲ ಕಂಡರೆ ಅದನ್ನೂ ತೆಗೆದು ಹೊರಗೆ ಹಾಕಿ. ಅದೊಂದು ಉಳಿದರೆ ಎಷ್ಟು ಎಣ್ಣೆ ಹೊಡೆದರೂ ಪ್ರಯೋಜನ ಕಾಣುವುದಿಲ್ಲ.

ಪುದೀನ ಎಣ್ಣೆಯೇ ಅಂತ ತೀರ್ಮಾನಿಸಿದರೆ

ಎಣ್ಣೆ, ನೀರು ಸೇರುವುದಿಲ್ಲ. ಬರೀ ನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇಯಿಂದ ಬರುವುದು ನೀರು. ಮೊದಲು 20 ಹನಿ ಎಣ್ಣೆಯನ್ನು ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೆ ಕಲಸಿ, ಆಮೇಲೆ ಕಾಲು ಲೀಟರ್ ನೀರು ಸೇರಿಸಿ. ಪ್ರತಿ ಸಲ ಚೆನ್ನಾಗಿ ಕುಲುಕಿ. ಒಲೆ, ದೀಪ ಉರಿಯುತ್ತಿರುವಾಗ ಹೊಡೆಯಬೇಡಿ. ಕಾಣದ ಒಂದು ಮೂಲೆಯಲ್ಲಿ ಹೊಡೆದು ಒಂದು ದಿನ ಬಿಟ್ಟು ಕಲೆ ನೋಡಿ. ಗೋಡೆಗಿಂತ ಅಲ್ಯೂಮಿನಿಯಂ ಕಿಟಕಿಯ ಹಳಿ, ಟೈಲ್ಸ್, ಬಾಗಿಲ ಸಂದಿ ಒಳ್ಳೆಯದು. ಹತ್ತಿ ಉಂಡೆಗೆ ನಾಲ್ಕು ಹನಿ ಹಾಕಿ ಎತ್ತರದ ಸಂದಿಯಲ್ಲಿ ಸಿಕ್ಕಿಸಿದರೆ ಸ್ಪ್ರೇಗಿಂತ ಎರಡು ದಿನ ಜಾಸ್ತಿ ಬರುತ್ತದೆ.

ಬಾಟಲಿಯನ್ನು ಬೀಗ ಇರುವ ಕಪಾಟಿನಲ್ಲಿ ಇಡಿ, ಕೆಮ್ಮಿನ ಸಿರಪ್ಪಿನ ಪಕ್ಕದಲ್ಲಿ ಅಲ್ಲ. ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಮೂರು ಮನೆ

ತಂಗಿ ಏನನ್ನೂ ಕೊಳ್ಳಲಿಲ್ಲ. ಯುಟಿಲಿಟಿಯ ಕಿಟಕಿಗೆ ಮೆಶ್ ಹಾಕಿಸಿದಳು, ಭಾನುವಾರ ಅವಳ ಗಂಡ ಪೊರಕೆ ಆಡಿಸುತ್ತಾನೆ. ಮಗುವಿಗೆ ಮೂರು ವರ್ಷ ಆಗಲಿ, ಆಮೇಲೆ ಎಣ್ಣೆಯ ಮಾತು ಅಂತ ಹೇಳಿದ್ದೇನೆ. ಗೆಳತಿಗೆ ಹಳದಿ ಲೈಟು, ರಬ್ಬರ್ ಪಟ್ಟಿ ಸಾಕಾಯಿತು. ಬಾಗಿಲ ಹತ್ತಿರದ ಬಲೆ ಕಮ್ಮಿಯಾಯಿತು, ಪೂರ್ತಿ ಹೋಗಿಲ್ಲ. ನಾನು ಬಾತ್‌ರೂಮಿನ ವೆಂಟಿಲೇಟರಿಗೂ ಹಿಂಬಾಗಿಲಿಗೂ ಪೆಪ್ಪರ್‌ಮಿಂಟ್ ಹತ್ತಿ ಇಡುತ್ತೇನೆ. ಬಾಗಿಲ ಹಿಂದಿನ ಆ ಜೇಡದ ಮರಿಗಳು ಚದುರುವ ತನಕ ಕಾದು, ಆಮೇಲೆ ಬಲೆ ತೆಗೆದೆ.

ಅಮ್ಮನ ಮನೆಯದು ಬೇರೆಯೇ ಲೆಕ್ಕ. ಹಂಚಿನ ಮಾಡು, ಸಾವಿರ ಸಂದಿ. ಅಲ್ಲಿ ಸ್ಪ್ರೇ ಹೊಡೆಯುವುದು ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಅವರಿಗೆ ಕಷ್ಟ ಇದ್ದದ್ದು ಒಂದೇ ಕಡೆ. ಹಾಸಿಗೆಯ ತಲೆದೆಸೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಹಿಂದಿನಿಂದ ರಾತ್ರಿ ಆ ಅಂಗೈ ಅಗಲದ ಜೇಡ ಬರುತ್ತಿತ್ತು. ನಾನು ಹೋದಾಗ ಕ್ಯಾಲೆಂಡರ್ ಎತ್ತಿ ನೋಡಿದರೆ, ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಅವುಚಿಕೊಂಡು ಕೂತಿತ್ತು. ಅಗಲ ಬಾಯಿಯ ಪಾತ್ರೆ ಮುಚ್ಚಿ, ಕೆಳಗಿನಿಂದ ಹಳೇ ತಿಂಗಳಿನ ಹಾಳೆ ತೂರಿಸಿ, ಸೌದೆ ಕೊಟ್ಟಿಗೆಗೆ ಒಯ್ದು ಬಿಟ್ಟೆ. ಕ್ಯಾಲೆಂಡರಿನ ಮೊಳೆಗೆ ಪೆಪ್ಪರ್‌ಮಿಂಟ್ ಹತ್ತಿ ಕಟ್ಟಿಕೊಟ್ಟಿದ್ದೇನೆ. ಅಮ್ಮ ಅದನ್ನು ಪ್ರತಿ ಸೋಮವಾರ ಬದಲಾಯಿಸುತ್ತಾರೆ.